ಎಡಗೈಗೆ ಚಾಲೂ ಆದ ಟ್ರ್ಯಾಕ್ಟರ್

ಅಕ್ಕೋರ ತುರುಬಿನಲ್ಲಿ ಹೂವಿನ ಬದಲು ಹಳದಿ ಹಿಡಿಕೆಯ ಟೆಸ್ಟರ್ ಇರುತ್ತಿತ್ತು. ಬೇಕಾದಾಗ ಎಡಗೈಯಿಂದ ಎಳೆದುಕೊಳ್ಳುವರು, ಕೆಲಸ ಮುಗಿದ ಮೇಲೆ ಮತ್ತೆ ಅಲ್ಲೇ ಸಿಕ್ಕಿಸುವರು. ಬಲಗೈ ಮೇಲೆ ಏಳುತ್ತಿರಲಿಲ್ಲ. ತೋಟದ ಬದುವಿನಲ್ಲಿ ಜಾರಿ ಬಿದ್ದು ಮುರಿದಿದ್ದ ಎಲುಬು ಕೂಡಿಕೊಂಡಿತ್ತು, ಆದರೆ ಮೊದಲಿನ ಬಲ ಬರಲೇ ಇಲ್ಲ.

ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತೇವೆ. ಇವರು ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಕಲಿಸುವುದರಲ್ಲಿ ಅವರದೇನೂ ಕೊರತೆ ಇರಲಿಲ್ಲ, ಎರಡು ಸಲ ಫೇಲಾದವನು ನಾನು. ಆಮೇಲೆ ಹೇಗೋ ಬಂಕಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡೆ. ನಿವೃತ್ತರಾದ ಅಕ್ಕೋರು ಹಾನಗಲ್ ರಸ್ತೆಯ ತಮ್ಮ ಮನೆತನದ ಮಾವಿನ ತೋಟ ಸೇರಿದರು.

ಒಂದು ದಿನ ಅಂಗಡಿ ಬಾಗಿಲಿಗೆ ಬಂದು ನಿಂತರು.

"ಏಳೋ. ನೀ ಫೇಲಾದ ಪಾಠ ಮತ್ತ ಬಂದೈತಿ."

ವಿಷಯ ಇಷ್ಟು. ತೋಟದಲ್ಲಿ ಗಿಡಗಳ ಸಾಲಿನ ನಡುವೆ ಓಡಾಡುವ ಒಂದು ಪುಟ್ಟ ಹಳೆಯ ಪೆಟ್ರೋಲ್ ಟ್ರ್ಯಾಕ್ಟರ್ ಇತ್ತು. ಎಂಜಿನ್ ಪಕ್ಕದ ಗಾಲಿಗೆ ಹಗ್ಗ ಸುತ್ತಿ ಎಳೆದರೆ ಚಾಲೂ ಆಗುವಂಥದ್ದು. ಅದಕ್ಕೆ ಬ್ಯಾಟರಿ ಇಲ್ಲ. ಒಳಗಿನ ಮ್ಯಾಗ್ನೆಟೋ ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಆದರೆ ಅದರ ಅಯಸ್ಕಾಂತ ಮುದಿಯಾಗಿತ್ತು. ಪೈಲ್ವಾನ ಎಳೆದಂತೆ ಎಳೆದರೆ ಮಾತ್ರ ಕಿಡಿ. ಅಕ್ಕೋರ ಕೈಯಲ್ಲಿ ಅಷ್ಟು ಕಸುವು ಎಲ್ಲಿಯದು? ಅವರ ತಮ್ಮ ಖಡಾಖಂಡಿತ ಹೇಳಿಬಿಟ್ಟಿದ್ದರು: ಅಮವಾಸ್ಯೆಗೆ ಗಾಡಿ ಪೂಜೆ ಮಾಡಲು ಬರುತ್ತೇನೆ, ಅಷ್ಟರೊಳಗೆ ಅಕ್ಕ ತನ್ನ ಕೈಯಿಂದ ಚಾಲೂ ಮಾಡಿದರೆ ಸರಿ, ಇಲ್ಲದಿದ್ದರೆ ಟ್ರ್ಯಾಕ್ಟರ್ ಗುಜರಿಗೆ, ತೋಟ ಲಾವಣಿಗೆ, ಅಂದರೆ ಗುತ್ತಿಗೆಗೆ.

"ಮತ್ತೊಬ್ಬರಿಗೆ ಲಾವಣಿಗೆ ಕೊಟ್ಟ ಮ್ಯಾಲೆ ನಾ ಯಾವ ಮುಖದಾಗ ಆ ತೋಟದಾಗ ಕುಂಡ್ರಲಿ?" ಎಂದರು ಅಕ್ಕೋರು. "ಬ್ಯಾಟರಿ ಕೂಡಿಸಿದ್ರ ಗಾಲಿ ಮೆಲ್ಲಕ ತಿರುಗಿದ್ರೂ ಕಿಡಿ ಜೋರ ಬರತೈತಿ. ಹೌದಲ್ಲೋ?"

ಹೌದು. ನನಗೇ ಹೊಳೆದಿರಲಿಲ್ಲ!

ಅಮವಾಸ್ಯೆಗೆ ನಾಲ್ಕು ದಿನವಿತ್ತು. ಹಾನಗಲ್ಲಿನ ಗುಜರಿಯಲ್ಲಿ ಬ್ಯಾಟರಿ ಕರೆಂಟನ್ನು ಕಿಡಿಯಾಗಿಸುವ, ಹಳೆಯ ವ್ಯಾನಿನದೊಂದು ಕಾಯಿಲ್ ಸಿಕ್ಕಿತು. ಒಂದು ಸ್ವಿಚ್, ಒಂದು ಕಂಡೆನ್ಸರ್, ನನ್ನ ಅಂಗಡಿಯ ಬ್ಯಾಟರಿ. ಮ್ಯಾಗ್ನೆಟೋದ ಸುರುಳಿಯ ಸಂಪರ್ಕ ಬಿಡಿಸಿ, ಕರೆಂಟು ಕಡಿದು ಕೂಡಿಸುವ ಅದರ ಪಾಯಿಂಟುಗಳಿಗೇ ಹೊಸ ತಂತಿ ಎಳೆದೆವು. ಅಕ್ಕೋರು ಮೇಲೆ ಕುಳಿತು ಪಾಠ ಹೇಳುವುದು, ನಾನು ಕೆಳಗೆ ಅಂಗಾತ ಮಲಗಿ ಬೈಸಿಕೊಳ್ಳುವುದು. ಸ್ಪಾರ್ಕ್ ಪ್ಲಗ್ ಹೊರಗೆ ತೆಗೆದು ಎಂಜಿನ್ ಮೈಗೆ ತಾಗಿಸಿಟ್ಟು ಹಗ್ಗವನ್ನು ಬೆರಳಿನಿಂದ ಎಳೆದೆ. ಟಕ್ ಎಂದು ನೀಲಿ ಕಿಡಿ!

"ಬಂತೋ! ನೋಡೋ, ಬಂತು!" ಎಂದು ಅಕ್ಕೋರು ಚಪ್ಪಾಳೆ ತಟ್ಟಲು ಹೋದರು. ಬಲಗೈ ಏಳಲಿಲ್ಲ, ತೊಡೆ ತಟ್ಟಿಕೊಂಡರು.

ಪ್ಲಗ್ ಹಾಕಿ ಚಾಲೂ ಮಾಡಿದೆವು. ಬೇಲಿಯಾಚೆ ಮೇಯುತ್ತಿದ್ದ ನವಿಲುಗಳು ಕಿರುಚಿಕೊಂಡು ಹಾರಿದವು. ಆ ಖುಷಿಯಲ್ಲೇ ನಾನು ಕೆಟ್ಟೆ. ಹಳೆಯ ರೂಢಿಯಂತೆ ಪ್ಲಗ್ಗಿನ ತಲೆಗೆ ತಗಡಿನ ಪಟ್ಟಿ ಒತ್ತಿ ಎಂಜಿನ್ ನಿಲ್ಲಿಸಿ ಚಹಾಕ್ಕೆ ಹೋದೆ. ಮ್ಯಾಗ್ನೆಟೋ ಇದ್ದಾಗ ಅಷ್ಟು ಸಾಕಿತ್ತು, ಎಂಜಿನ್ ನಿಂತರೆ ಕರೆಂಟೂ ನಿಲ್ಲುತ್ತಿತ್ತು. ಬ್ಯಾಟರಿ ಹಾಗಲ್ಲ. ಸ್ವಿಚ್ ಆರಿಸಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ಕಾಯಿಲ್ ಸುಟ್ಟು ವಾಸನೆ ಬರುತ್ತಿತ್ತು. ಮರುದಿನವೇ ಅಮವಾಸ್ಯೆ.

"ಕಾಯಿಲ್ಲೇ ಖರಾಬ್ ಇತ್ತರಿ ಅಕ್ಕೋರ. ಗುಜರಿ ಮಾಲು," ಎಂದೆ.

ಅವರು ಕಾಯಿಲಿಗೆ ಅಂಗೈ ಹಿಂಭಾಗ ತಾಗಿಸಿ ನೋಡಿದರು, ಆಮೇಲೆ ಸ್ವಿಚ್ ನೋಡಿದರು, ಆಮೇಲೆ ನನ್ನನ್ನು.

"ಸ್ವಿಚ್ ಯಾರು ಆರಿಸಲಿಲ್ಲ?"

"ನಾನರಿ."

"ಹಂಗ ಹೇಳು. ತಪ್ಪು ಎಲ್ಲೈತಿ ಅಂತ ಗೊತ್ತಾದ್ರ ರಿಪೇರಿ ಅರ್ಧ ಮುಗೀತು. ಸುಳ್ಳು ಹೇಳಿದ್ರ ನಾಳೆ ಇನ್ನೊಂದೂ ಸುಡತೈತಿ."

ಹಿರೇಕೆರೂರಿನಲ್ಲಿ ಅವರ ಇನ್ನೊಬ್ಬ ಶಿಷ್ಯನ ಗ್ಯಾರೇಜ್ ಇತ್ತು. ನಾನು ಹೋಗುತ್ತೇನೆ ಎಂದರೆ ಕೇಳಲಿಲ್ಲ, "ಅಂವಾ ನಿನಗ ಕೊಡೂದಿಲ್ಲ, ನನಗ ಅಂಜತಾನ" ಎಂದು ತಾವೇ ಬಸ್ಸು ಹತ್ತಿದರು. ಮರುದಿನ ಬೆಳಿಗ್ಗೆ ಸೆರಗಿನಲ್ಲಿ ಕಾಯಿಲ್ ಸುತ್ತಿಕೊಂಡು ಇಳಿದರು. ನಾನು ಕೊನೆಯ ತಂತಿ ಬಿಗಿಯುತ್ತಿದ್ದಾಗಲೇ ಅಕ್ಕೋರ ತಮ್ಮ ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು ಬಂದರು.

ಅಕ್ಕೋರು ಎಡಗೈಯಿಂದ ಹಗ್ಗ ಸುತ್ತಿದರು. ಮೊದಲ ಸಲ ಗಾಲಿ ಸುಮ್ಮನೆ ತಿರುಗಿತು. ತಮ್ಮ ಕೆಮ್ಮಿದರು. ಎರಡನೆಯ ಸಲ ತೊಟ್ಟಿಲ ಹಗ್ಗ ಎಳೆದಂತೆ ಎಳೆದರು. ಎಂಜಿನ್ ಗುಡುಗಿತು! ನಾನು ಸ್ಪ್ಯಾನರ್ ಮೇಲೆತ್ತಿ ಕುಣಿದುಬಿಟ್ಟೆ. ಅಕ್ಕೋರು ತಮ್ಮನ ಕಡೆ ತಿರುಗಿ, "ಕಾಯಿ ಒಡಿ ಮತ್ತ, ಯಾಕ ನಿಂತಿ?" ಎಂದರು.

ಅಂದೇ ಸ್ವಿಚ್ಚಿನ ಕೆಳಗೆ ಕೆಂಪು ಬಣ್ಣದಲ್ಲಿ ಎಡಗೈಯ ಸೊಟ್ಟ ಅಕ್ಷರಗಳಲ್ಲಿ ಬರೆದರು: 'ಫೇಲಾದವರು ಮೊದಲು ಇದನ್ನು ಆರಿಸಿರಿ.'

ಆ ಟ್ರ್ಯಾಕ್ಟರಿನಲ್ಲಿ ಬ್ಯಾಟರಿ ಚಾರ್ಜ್ ಆಗುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ನಾಲ್ಕು ವರ್ಷ ಪ್ರತಿ ಶನಿವಾರ ಮಾವಿನ ಬುಟ್ಟಿಯಲ್ಲಿ ಬ್ಯಾಟರಿ ಇಟ್ಟುಕೊಂಡು ಅಕ್ಕೋರು ಬಸ್ಸಿನಲ್ಲಿ ಬರುತ್ತಿದ್ದರು. ಬ್ಯಾಟರಿ ಚಾರ್ಜಾಗುವವರೆಗೆ ನನ್ನ ಗಿರಾಕಿಗಳಿಗೆಲ್ಲ ವಿಜ್ಞಾನದ ಪ್ರಶ್ನೆ ಕೇಳುತ್ತಿದ್ದರು. ಮೋಟಾರು ಸುಟ್ಟು ಬಂದವನಿಗೆ "ಯಾರು ಸುಟ್ಟಿದ್ದು, ಖರೆ ಹೇಳು" ಎನ್ನುವರು. ನನ್ನ ಅಂಗಡಿಯಲ್ಲಿ ಇವತ್ತಿಗೂ ನಾನು ಸುಟ್ಟದ್ದನ್ನು ನಾನು ಸುಟ್ಟೆ ಎಂದೇ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ಒಂದು ಶನಿವಾರ ಸುಸ್ತು ಎಂದು ಬ್ಯಾಟರಿ ಬಿಟ್ಟು ಊಟಕ್ಕೆ ತೋಟಕ್ಕೆ ಹೋದವರು ಸಂಜೆ ಒಯ್ಯಲು ಬರಲಿಲ್ಲ. ಅವರ ತಮ್ಮನ ಫೋನು ಬಂತು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಅಕ್ಕೋರ ದಿನಕರ್ಮ ಮುಗಿದ ಮೇಲೆ ಬ್ಯಾಟರಿ ತೋಟಕ್ಕೆ ಒಯ್ದು ಟ್ರ್ಯಾಕ್ಟರಿಗೆ ಕೂಡಿಸಿದೆ. ತಮ್ಮ ಬಂದು ನಿಂತರು. ತೋಟದ ಮಾತು ನಾನು ಎತ್ತಲಿಲ್ಲ, ಕೇಳಲು ಅಂಜಿಕೆ. ಅವರೇ ಹಗ್ಗ ಹಿಡಿದು ಎರಡೂ ಕೈಯಿಂದ ಜಗ್ಗಲು ಕಾಲು ಕೊಟ್ಟು ನಿಂತರು.

"ಅಷ್ಟ ಜೋರ ಬ್ಯಾಡ್ರಿ," ಎಂದೆ. "ಎಡಗೈಲೆ, ಮೆಲ್ಲಕ."

ಮೆಲ್ಲಗೆ ಎಳೆದರು. ಚಾಲೂ ಆಯಿತು. ಒಂದು ಸಾಲು ಉಳುಮೆ ಮಾಡಿ ಬಂದವರು ನಿಲ್ಲಿಸಲು ಬಗ್ಗಿದಾಗ ಆ ಕೆಂಪು ಅಕ್ಷರ ಕಂಡಿತು. ಸ್ವಿಚ್ ಆರಿಸಿ, ಅಕ್ಷರಗಳ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಕಣ್ಣೊರೆಸಿಕೊಂಡರು. ನನಗೂ ಅಳು ತಡೆಯಲಾಗಲಿಲ್ಲ.

ಮುಂದಿನ ಶನಿವಾರ ಅಂಗಡಿ ತೆರೆಯುವಾಗ ಅವರು ಹೊರಗೆ ನಿಂತಿದ್ದರು, ಕೈಯಲ್ಲಿ ಮಾವಿನ ಬುಟ್ಟಿ, ಬುಟ್ಟಿಯಲ್ಲಿ ಬ್ಯಾಟರಿ.