ಮೊದಲು ಆದದ್ದಕ್ಕೆ ಹ್ಯಾಡ್

ನನಗೆ ಸಾಕಾಗಿದೆ, ಸುಳ್ಳು ಯಾಕೆ ಹೇಳಲಿ. ಕೊಟ್ಟೂರಿನಲ್ಲಿ ಇಪ್ಪತ್ತೇಳು ವರ್ಷದಿಂದ ಇಂಗ್ಲಿಷ್ ವ್ಯಾಕರಣ ಹೇಳಿ ಹೇಳಿ ಗಂಟಲು ಸವೆದಿದೆ. ಪಾಸ್ಟ್ ಪರ್ಫೆಕ್ಟ್ ಪಾಠ ಬಂತೆಂದರೆ ನನ್ನದು ಒಂದೇ ವಾಕ್ಯ: ದಿ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್. ನನ್ನ ಮಾಸ್ತರರು ನನಗೆ ಹೇಳಿದ್ದು, ನಾನು ಊರ ಮಕ್ಕಳಿಗೆಲ್ಲ ಹೇಳಿದ್ದು. ಆ ರೋಗಿಯನ್ನು ಎಷ್ಟು ಸಲ ಸಾಯಿಸಿದ್ದೇನೋ ಶಿವನೇ ಬಲ್ಲ.

ಮರುಳಸಿದ್ದಮ್ಮ ಮನೆಪಾಠಕ್ಕೆ ಬಂದಾಗ ಮಾತ್ರ ಆ ವಾಕ್ಯ ನನ್ನ ಬಾಯಿಗೆ ಬರಲಿಲ್ಲ. ಆಕೆ ಪಕ್ಕದ ಹಳ್ಳಿಯ ಅಂಗನವಾಡಿ ಸಹಾಯಕಿ, ವಯಸ್ಸು ಮೂವತ್ತೊಂಬತ್ತು. ಎಂಟು ವರ್ಷದ ಹಿಂದೆ ಗಂಡನಿಗೆ ಎದೆನೋವು ಬಂದು, ಡಾಕ್ಟರ್ ಬರುವಷ್ಟರಲ್ಲಿ ತೀರಿಕೊಂಡಿದ್ದ. ಫೋನ್ ಮಾಡಲು ಸೊಸೆಯೇ ತಡಮಾಡಿದಳು ಎಂದು ಅತ್ತೆ ಈರಕ್ಕ ಅವತ್ತು ಅಂದವಳು ಇವತ್ತಿಗೂ ಬಿಟ್ಟಿಲ್ಲ. ಊರೂ ಅದನ್ನೇ ನಂಬಿಕೊಂಡು ಕೂತಿದೆ. ಮರುಳಸಿದ್ದಮ್ಮನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದೇ ಉಳಿದಿತ್ತು, ಎರಡು ಸಲ ಫೇಲಾಗಿದ್ದಳು. ಪಾಸಾದರೆ ಮೇಲಿನ ಹುದ್ದೆಗೆ ಅರ್ಜಿ ಹಾಕಬೇಕೆಂಬ ಆಸೆ.

ಅಂಥವಳ ಮುಂದೆ ಸತ್ತ ರೋಗಿಯ ಮಾತು ಹೇಗೆ ಎತ್ತಲಿ? ರೈಲಿನ ಉದಾಹರಣೆ ಕೊಟ್ಟೆ. ನಾವು ಸ್ಟೇಷನ್ ಮುಟ್ಟಿದೆವು, ಅಷ್ಟರಲ್ಲಿ ರೈಲು ಹೋಗಿತ್ತು. ಆಕೆ ಎರಡಕ್ಕೂ ಹ್ಯಾಡ್ ಹಚ್ಚಿದಳು.

“ಯಾಕಮ್ಮಾ ಎರಡಕ್ಕೂ?”

“ಎರಡೂ ಆಗಿಹೋಗ್ಯಾವಲ್ರಿ ಸರ.”

“ಮೊದಲು ಆದದ್ದಕ್ಕಷ್ಟೇ ಹ್ಯಾಡ್. ಆಮೇಲೆ ಆದದ್ದಕ್ಕೆ ಬರೀ ಪಾಸ್ಟ್. ಒಂದೇ ಕೆಲಸ ಆಗಿದ್ದರೆ ಹ್ಯಾಡಿನ ಗೊಡವೆಯೇ ಬೇಡ.”

ತಲೆ ಆಡಿಸಿದಳು. ಮರುದಿನ ಮತ್ತೆ ಎರಡಕ್ಕೂ ಹ್ಯಾಡ್. ಹದಿನೈದು ದಿನ ಇದೇ ಹಾಡು. ಅಂಗನವಾಡಿ ಮುಗಿಸಿ, ಬಸ್ಸು ಹಿಡಿದು ಬಂದು, ಕಣ್ಣು ಎಳೆಯುತ್ತಿದ್ದರೂ ಬರೆಯುತ್ತಿದ್ದಳು. ನನಗೂ ದಿನವೆಲ್ಲ ಶಾಲೆಯಲ್ಲಿ ಒದರಿ ಜೀವ ಹೈರಾಣಾಗಿರುತ್ತಿತ್ತು. ಒಂದು ಸಂಜೆ ಸಿಟ್ಟು ನೆತ್ತಿಗೇರಿತು.

“ಯಾವುದು ಮೊದಲು, ಯಾವುದು ಆಮೇಲೆ, ಅಷ್ಟೂ ತಿಳಿಯುವುದಿಲ್ಲವೇನಮ್ಮಾ ನಿನಗೆ?”

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಆಕೆ ಪೆನ್ನು ಕೆಳಗಿಟ್ಟಳು.

“ರೈಲಿಗೆ ನಾ ಯಾವತ್ತು ಹೋಗೀನ್ರಿ ಸರ? ನಮ್ಮ ಓಣಿ ಹುಡುಗರಿಗೆಲ್ಲಾ ಡಾಕ್ಟರ್ ವಾಕ್ಯ ಹೇಳ್ಕೊಟ್ಟೀರಂತ. ನನಗ್ಯಾಕ ಮುಚ್ಚಿಟ್ರಿ?”

“ನಿನಗೆ ನೋವಾದೀತು ಅಂತ.”

“ನೋವು ಹೊಸಾದೇನ್ರಿ? ಅವತ್ತು ಯಾವುದು ಮೊದಲು ಆತು ಅನ್ನೋದು ನನ್ನಷ್ಟು ಯಾರಿಗೆ ಗೊತ್ತೈತಿ? ಎದಿ ಹಿಡಕೊಂಡು ಕುಂತ ಕೂಡ್ಲೇ ಫೋನ್ ಹಚ್ಚಿದ್ನಿ. ಒಂದಲ್ಲ, ಮೂರು ಸಲ. ಹೇಳಿ ಹೇಳಿ ಸಾಕಾತ್ರಿ. ಯಾರೂ ನಂಬಲಿಲ್ಲ.”

ಆಕೆ ಪೆನ್ನು ಎತ್ತಿಕೊಂಡು, ಕರೆ ಮಾಡುವುದಕ್ಕೆ, ಸಾಯುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ, ತಾನೇ ಒಂದು ವಾಕ್ಯ ಬರೆದಳು. ಐ ಹ್ಯಾಡ್ ಕಾಲ್ಡ್ ತ್ರೀ ಟೈಮ್ಸ್ ಬಿಫೋರ್ ಹಿ ಡೈಡ್. ತಿದ್ದಲು ಏನೂ ಇರಲಿಲ್ಲ. ಅಂದಿನಿಂದ ಆಕೆಗೆ ಹ್ಯಾಡ್ ತಪ್ಪಲಿಲ್ಲ.

ಮೂರನೆಯ ಸಲ ನಲವತ್ತೊಂದು ಅಂಕ ಬಂದು ಪಾಸಾದಳು. ಪೇಡೆ ತಂದುಕೊಟ್ಟು ಹೋದವಳು ತಿಂಗಳು ಕಳೆದ ಮೇಲೆ ಮತ್ತೆ ಬಂದಳು, ಕೈಯಲ್ಲಿ ತನ್ನ ಉತ್ತರಪತ್ರಿಕೆಯ ಝೆರಾಕ್ಸು. ಫೇಲಾದವರು ಮರುಎಣಿಕೆಗೆಂದು ತರಿಸುತ್ತಾರೆ, ಪಾಸಾದವರು ತರಿಸಿದ್ದನ್ನು ನಾನಂತೂ ಕಂಡಿರಲಿಲ್ಲ.

“ಅಯ್ಯೋ ತಾಯಿ, ಪಾಸಾಗಿ ಇದನ್ನು ಯಾಕೆ ತರಿಸಿದೆ? ದುಡ್ಡು ಹೆಚ್ಚಾಗಿತ್ತೇ?” ಎಂದು ಚೇಷ್ಟೆ ಮಾಡಿದೆ.

ಆಕೆ ನಗಲಿಲ್ಲ. ಹಾಳೆ ತಿರುವಿ ಬೆರಳಿಟ್ಟು ತೋರಿಸಿದಳು. ಹ್ಯಾಡ್ ಬಳಸಿ ಸ್ವಂತ ವಾಕ್ಯ ಬರೆಯಿರಿ ಎಂಬ ಪ್ರಶ್ನೆ ಬಂದಿತ್ತು. ಅಲ್ಲಿ ಅದೇ ವಾಕ್ಯ, ಪಕ್ಕದಲ್ಲಿ ಒಂದು ರೈಟ್ ಗುರುತು.

“ಇದರ ಕೆಳಗ ಕನ್ನಡದಾಗ ಅರ್ಥ ಬರದು ಕೊಡ್ರಿ ಸರ. ನಮ್ಮತ್ತಿಗೆ ಓದಿ ಹೇಳ್ತೀನಿ.”

“ಈರಕ್ಕ ನಂಬ್ತಾಳೇನಮ್ಮಾ?”

“ನಂಬಲಿ, ಬಿಡಲಿ. ಎಂಟು ವರ್ಷಕ್ಕ ಒಬ್ರಾದ್ರೂ ನನ್ನ ಮಾತಿಗೆ ರೈಟ್ ಹಾಕ್ಯಾರಲ್ರಿ, ಅದನ್ನ ನೋಡ್ಲಿ.”