ಡಬ್ಬಿಯಲ್ಲಿದ್ದ ಇನ್ನೊಂದು ಚೀಟಿ

ಪ್ರಾರ್ಥನಾ ಮಂದಿರದ ಕಸ ಗುಡಿಸುವವಳನ್ನು ಬೀದಿಯವರೆಲ್ಲ ಪೊರಕೆ ಅಕ್ಕ ಎನ್ನುತ್ತಿದ್ದರು. ದಿಕ್ಕು ತೋಚದವರು ಅಲ್ಲಿಗೆ ಬಂದು, ಹಿತ್ತಾಳೆ ಡಬ್ಬಿಯೊಳಗೆ ಕೈ ಹಾಕಿ ಒಂದು ಚೀಟಿ ಎತ್ತುತ್ತಿದ್ದರು. ಒಂದರಲ್ಲಿ 'ಆಗಲಿ', ಇನ್ನೊಂದರಲ್ಲಿ 'ಬೇಡ' ಎಂದಿರುತ್ತದೆ, ಕೈಗೆ ಬಂದದ್ದೇ ದೇವರ ಮಾತು ಎಂಬುದು ಎಲ್ಲರ ನಂಬಿಕೆ. ವೆಲ್ಡಿಂಗ್ ಅಂಗಡಿಯವನನ್ನು ಮದುವೆಯಾಗಲೇ ಎಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಕ್ಕನೂ ಎತ್ತಿದ್ದಳು. 'ಬೇಡ' ಬಂತು. ಹಣೆಬರಹವೆಂದು ಸುಮ್ಮನಾದಳು, ಒಂಟಿಯಾಗಿಯೇ ಉಳಿದಳು.

ಅವಳಿಗೆ ಐವತ್ತು ದಾಟಿದಾಗ, ಡಬ್ಬಿ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪನಿಗೆ ಕಣ್ಣು ಮಂಜಾಯಿತು. ಡಬ್ಬಿ ಅವಳ ಪಾಲಿಗೆ ಬಂತು. ಒರೆಸಲೆಂದು ಬೋರಲು ಹಾಕಿದರೆ ಎರಡು ಚೀಟಿ ಬಿದ್ದವು. ಎರಡರಲ್ಲೂ 'ಬೇಡ'.

ಅವನ್ನು ಹಿಡಿದು ದೊಡ್ಡಪ್ಪನ ಬಳಿಗೆ ಓಡಿದಳು. "ಇದೇನು ದೊಡ್ಡಪ್ಪ? ಎರಡೂ ಬೇಡ ಅಂತಿದೆ!"

"ಮೊದ್ಲಿಂದ್ಲೂ ಹಾಗೇನಮ್ಮ. ನಿಜವಾಗ್ಲೂ ಮನಸ್ಸಿದ್ದೋರು ಬೇಡ ಅಂದ್ರೂ ಮಾಡೇ ಮಾಡ್ತಾರೆ. ಆ ವೆಲ್ಡಿಂಗಿನವನೂ ಎತ್ತಿದ್ದ, ಅವನಿಗೂ ಬೇಡ ಅಂತ್ಲೇ ಬಂದಿತ್ತು."

ತಾನು ಒಲ್ಲೆನೆಂದ ಮೇಲೂ ಎರಡು ವರ್ಷ ಅವನು ತನಗಾಗಿ ಕಾದದ್ದು ಅಕ್ಕನಿಗೆ ಗೊತ್ತಿತ್ತು. ದೇವರು ಬೇಡವೆಂದ ಮೇಲೂ ಕಾದನೆಂದು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬ ಹೆಂಗಸು ಚೀಟಿ ಎತ್ತಲು ಬಂದಳು. ಡಬ್ಬಿ ಮುಂದಿಡಲು ಅಕ್ಕನಿಗೆ ಕೈ ಬರಲಿಲ್ಲ.

"ನಿಮ್ಗೇನು ಮಾಡ್ಬೇಕು ಅನ್ಸುತ್ತೆ?" ಎಂದು ಕೇಳಿದಳು.

"ಅದು ಗೊತ್ತಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?" ಎಂದು ಸಿಡುಕಿ ಹೆಂಗಸು ಎದ್ದು ಹೋದಳು.