ಕೈ ಒದ್ದೆಯಾಗದ ಗುರುವಾರ

ನನ್ನ ಅತ್ತೆ ಡೆಲಿಯಾ ಹೆಗಾರ್ಟಿ ಜೀವಮಾನದಲ್ಲಿ ಒಂದು ತೊಟ್ಟು ವಿಸ್ಕಿ ಕುಡಿದವಳಲ್ಲ. ಚಿಕ್ಕಂದಿನಲ್ಲಿ ಬಿಷಪ್ಪರ ಮುಂದೆ ನಿಂತು, ಕುಡಿತ ಮುಟ್ಟುವುದಿಲ್ಲವೆಂದು ಓರಗೆಯ ಮಕ್ಕಳೊಂದಿಗೆ ಆಣೆ ಮಾಡಿದ್ದಳು. ಉಳಿದವರು ಮರೆತರು, ಅವಳು ಮರೆಯಲಿಲ್ಲ. ಆ ಆಣೆಯ ಗುರುತಿನ ಸಣ್ಣ ಪಿನ್ನು ಕೊನೆಯವರೆಗೂ ಅವಳ ಕೋಟಿನ ಮೇಲಿತ್ತು. ಆದರೂ ನಮ್ಮೂರು ಕಿಲ್‌ಡೊನಾದಲ್ಲಿ ಮಗು ಹುಟ್ಟಿದರೆ, ಹಸು ಮಾರಿದರೆ, ಯಾರಾದರೂ ಸತ್ತರೆ ಜನ ಕುಡಿಯುತ್ತಿದ್ದದ್ದು ಅವಳ ಮೂಗು ಒಪ್ಪಿದ ವಿಸ್ಕಿಯನ್ನೇ. ಬಾಟಲಿಯ ಮೇಲೆ ಮಾತ್ರ ‘ಹೆಗಾರ್ಟಿ ಮತ್ತು ಮಕ್ಕಳು’ ಎಂದಿತ್ತು. ಮಕ್ಕಳು ಎಂದರೆ ಗಂಡುಮಕ್ಕಳು.

ನಮ್ಮದು ಕಾರ್ಕ್ ಸೀಮೆಯ ಸಣ್ಣ ಊರುಗಳಲ್ಲಿ ಇರುವಂಥದೇ ಅಂಗಡಿ. ಮುಂದೆ ಚಹಾಪುಡಿ, ಸಕ್ಕರೆ, ಬೂಟಿನ ಲೇಸು. ಮರದ ಅಡ್ಡಗೋಡೆಯಾಚೆ ಕುಡಿಯುವವರ ಬೆಂಚು. ಹಿಂದಿನ ಕೋಣೆಯಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡು ತಂದ ಪೀಪಾಯಿಗಳು. ಆಗೆಲ್ಲ ಬಟ್ಟಿಯವರು ಅಂಗಡಿಯವರಿಗೆ ಪೀಪಾಯಿಗಟ್ಟಲೆ ಮಾರುತ್ತಿದ್ದರು. ಮಾಗಿಸುವುದು, ಬೆರೆಸುವುದು, ಬಾಟಲಿಗೆ ತುಂಬುವುದು ಅಂಗಡಿಯವರ ಪಾಡು. ಮೊಳಕೆ ಬಂದ ಬಾರ್ಲಿಗೆ ಹಸಿ ಬಾರ್ಲಿಯನ್ನೂ ಕೂಡಿಸಿ, ತಾಮ್ರದ ಹಂಡೆಯಲ್ಲಿ ಮೂರು ಸಲ ಬಟ್ಟಿ ಇಳಿಸಿದ್ದು ಹಂಡೆ ವಿಸ್ಕಿ. ಅದು ದಪ್ಪ, ಎಣ್ಣೆಯ ಹಾಗೆ ನಾಲಗೆಗೆ ಅಂಟಿಕೊಂಡು ಆಮೇಲೆ ಲವಂಗದಂತೆ ಖಾರವಾಗುತ್ತದೆ. ಮೆಕ್ಕೆಜೋಳದ್ದು ಹಗುರ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಬಾಯಿ ಬಿಡುವುದಿಲ್ಲ. ಹಂಡೆಯದು ಹೆಚ್ಚಾದರೆ ಗಂಟಲು ಹಿಡಿಯುತ್ತದೆ, ಹಗುರದ್ದು ಹೆಚ್ಚಾದರೆ ಕುಡಿದದ್ದೇ ತಿಳಿಯುವುದಿಲ್ಲ. ಎರಡನ್ನೂ ಹೊಂದಿಸಿ ದೊಡ್ಡ ಮರದ ಬಾನಿಯಲ್ಲಿ ಕೂಡಿಸಿಡಬೇಕು. ಒಂದೇ ತುಂಡು ಉಪ್ಪು ಹಂದಿಮಾಂಸದಲ್ಲಿ ಮನೆಮಂದಿಗೆಲ್ಲ ಉಣಿಸುವವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ ಎನ್ನುತ್ತಿದ್ದಳು ಅತ್ತೆ.

ಬೆರೆಸುವುದು ತಿಂಗಳ ಮೊದಲ ಗುರುವಾರ. ಅಂಗೈಗೆ ಎರಡು ಹನಿ ಬಿಟ್ಟುಕೊಂಡು, ಕೈಗಳನ್ನು ಉಜ್ಜಿ, ಬೊಗಸೆ ಮಾಡಿ ಮುಖಕ್ಕೆ ಹಿಡಿದು ಮೂಸುತ್ತಿದ್ದಳು. ಹಾಗಾಗಿ ಕೈಗೆ ಬೇರೆ ಯಾವ ವಾಸನೆಯೂ ತಗಲಬಾರದು. ಈರುಳ್ಳಿ ಹೆಚ್ಚುವಂತಿಲ್ಲ, ಸೋಪು ಮುಟ್ಟುವಂತಿಲ್ಲ, ಒಲೆಯ ಬೂದಿ ತೆಗೆಯುವಂತಿಲ್ಲ, ಗಂಡಸರ ಸಾಕ್ಸುಗಳ ಹತ್ತಿರವಂತೂ ಸುಳಿಯುವಂತಿಲ್ಲ. ಬುಧವಾರ ಸಂಜೆ ಹಿಡಿದ ಈ ಮಡಿ ಶುಕ್ರವಾರ ಬೆಳಿಗ್ಗೆಯವರೆಗೆ. ಅಷ್ಟು ಹೊತ್ತು ಒಲೆ, ಬಾವಿ, ಬಕೆಟ್ಟು ಎಲ್ಲ ಗಂಡಸರದು.

ನಾನು ಸೊಸೆಯಾಗಿ ಬಂದ ಮೇಲಿನ ಮೊದಲ ಮಡಿಯ ಬುಧವಾರ ಸಂಜೆ ಮಾವ ಕಾನ್ ಅಡುಗೆಮನೆಯಲ್ಲಿ ಕೂತು ಕಾಲು ಚಾಚಿದ.

“ಸದ್ಯ, ಮನೇಗೆ ಇನ್ನೊಂದು ಜೊತೆ ಕೈ ಬಂತು. ಇನ್ಮೇಲೆ ಗುರುವಾರಾನೂ ಬೆಂದಿರೋ ಆಲೂಗಡ್ಡೆ ಸಿಗುತ್ತೆ.”

ಅತ್ತೆ ನನ್ನ ಕೈಯಲ್ಲಿದ್ದ ಚಾಕುವನ್ನು ತೆಗೆದು ಅವನ ಮುಂದಿಟ್ಟಳು.

“ಈಲೀಶ್ ನನ್ನ ಜೊತೆ ಒಳಗೆ ಬರ್ತಾಳೆ. ನಾನು ಸತ್ತ ಮೇಲೆ ಯಾರು ಮೂಸ್ತಾರೆ? ನೀನಾ? ಪೈಪು ಸೇದಿ ಸೇದಿ ಹೊಗೆಗೂಡಾಗಿರೋ ಮೂಗು ಅದು.”

“ಹಾಗಾದ್ರೆ ಸಾಸೇಜ್ ಯಾರು ಹುರೀತಾರೆ?”

“ನಿಂಗೆ ಎರಡು ಕೈ, ನಿನ್ನ ಮಗನಿಗೆ ಎರಡು. ಎಣಿಸ್ಕೋ.”

ನನ್ನ ಗಂಡ ಡೊನಾಲ್ ಬಾಗಿಲ ಹತ್ತಿರ ನಿಂತು ನಗುತ್ತಿದ್ದವನು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದ.

ಮರುದಿನ ಅತ್ತೆಯ ಹಿಂದೆ ಪೀಪಾಯಿ ಕೋಣೆಗೆ ಹೋದೆ. ಅವಳು ಪೀಪಾಯಿಗಳನ್ನು ಮೂಸಿದಳು, ನನಗೂ ಮೂಸಿಸಿದಳು, ಇದರಿಂದ ಇಷ್ಟು ಅದರಿಂದ ಅಷ್ಟು ಎಂದು ಅಳೆದು ಬಾನಿಗೆ ಸುರಿದಳು. ಬಾನಿಯನ್ನು ಪೂರ್ತಿ ಬರಿದು ಮಾಡಬಾರದು ಎಂದು ಹೇಳಿಕೊಟ್ಟಳು. ತಳದಲ್ಲಿ ಹಳೆಯದು ಇರಬೇಕು, ಹೊಸದು ಅದನ್ನು ನೋಡಿ ಕಲಿಯಬೇಕು. ಇಷ್ಟೆಲ್ಲ ಮುಗಿದಾಗ ಮುಂದಿನ ಅಂಗಡಿಯಲ್ಲಿ ಕಾನ್ ಬಟ್ಟಲಿಗೆ ಬಗ್ಗಿಸಿಕೊಂಡ ಚಹಾ ಕೂಡ ಆರಿರಲಿಲ್ಲವೇನೋ.

“ಆಯ್ತಾ, ಮಿಸಸ್ ಹೆಗಾರ್ಟಿ?” ಎಂದೆ.

“ಆಯ್ತು. ಆ ಹೆಸರು ನಿಂಗೂ ಬಂದಿದೆಯಲ್ಲ, ಯಾರನ್ನ ಕರೀತಿದೀಯ? ಅಮ್ಮ ಅನ್ನು.”

“ಹಾಗಾದ್ರೆ ಹೊರಗೆ ಹೋಗೋಣ್ವಾ, ಅಮ್ಮ?”

“ಯಾಕೆ ಹುಡುಗಿ? ಹೊರಗೇನಿದೆ?”

ಚಿಲಕ ಹಾಕಿದಳು. ಪೀಪಾಯಿಗಳ ಹಿಂದಿನಿಂದ ಒಂದು ಕುರ್ಚಿ, ಮಾಸಿದ ದಿಂಬು, ಕಂಬಳಿ, ತುದಿ ಮಡಚಿದ ಒಂದು ಕಾದಂಬರಿ ಹೊರಬಂದವು. ಶೂ ಬಿಚ್ಚಿ, ಊದಿದ ಪಾದಗಳನ್ನು ಕಂಬಳಿಯ ಮೇಲಿಟ್ಟುಕೊಂಡಳು. ನನಗೆ ಮಗುಚಿಟ್ಟ ಪೆಟ್ಟಿಗೆಯೊಂದನ್ನು ತೋರಿಸಿದಳು.

“ಕೂತ್ಕೋ. ಕೂರೋದನ್ನೂ ಕಲೀಬೇಕು. ಮೊದಮೊದಲು ಕಷ್ಟ ಆಗುತ್ತೆ.”

ನಿಜವಾಗಿಯೂ ಕಷ್ಟವಾಯಿತು. ಮಡಿಲಲ್ಲಿದ್ದ ನನ್ನ ಕೈಗಳು ಏನಾದರೂ ಒರೆಸಲು, ಮಡಚಲು, ಸುಲಿಯಲು ತಡಕಾಡುತ್ತಿದ್ದವು. ಹೊರಗೆ ಬಾಣಲೆ ಬಿದ್ದ ಸದ್ದಾದಾಗ ಎದ್ದುಬಿಟ್ಟೆ. ಅತ್ತೆ ಪುಸ್ತಕದಿಂದ ತಲೆ ಎತ್ತದೆ ನನ್ನ ಸ್ಕರ್ಟು ಹಿಡಿದು ಕೂರಿಸಿದಳು. “ಬಾಣಲೆಗೆ ಜೀವ ಇಲ್ಲ, ಸಾಯಲ್ಲ.”

ಆ ಊರಿನಲ್ಲಿ ಹೆಂಗಸರಿಗೆ ಕೂರಲು ಎರಡೇ ಜಾಗವಿದ್ದವು, ಚರ್ಚಿನ ಬೆಂಚು ಮತ್ತು ರೋಗಿಯ ಮಂಚದ ಪಕ್ಕ. ನನ್ನ ತಾಯಿ ಊಟವನ್ನೂ ನಿಂತೇ ಮಾಡುತ್ತಿದ್ದಳು. ಬಂದ ತಿಂಗಳಲ್ಲೇ ತನ್ನ ಒಂದೇ ಒಂದು ದಿನದಲ್ಲಿ ಸೊಸೆಗೆ ಪಾಲು ಕೊಡುವ ಅತ್ತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಬಚ್ಚಿಟ್ಟುಕೊಂಡಿದ್ದರೆ ಯಾರೂ ಅವಳನ್ನು ಬೈಯುತ್ತಿರಲಿಲ್ಲ.

ನನ್ನ ಎರಡನೆಯ ಮಗು ಹಾಲು ಬಿಡುವ ಹೊತ್ತಿಗೆ ಬಟ್ಟಿಯವರ ಏಜೆಂಟ ಬಂದ. ಅಂದು ಗುರುವಾರವೇ. ಇನ್ನು ಮುಂದೆ ಅಂಗಡಿಗಳಿಗೆ ಪೀಪಾಯಿ ಕೊಡುವುದಿಲ್ಲವಂತೆ. ಅವರೇ ಬೆರೆಸಿ, ಬಾಟಲಿಗೆ ತುಂಬಿ, ಲೇಬಲ್ಲು ಅಂಟಿಸಿ ಕಳಿಸುತ್ತಾರಂತೆ. ನಮ್ಮಲ್ಲಿ ಉಳಿದಿರುವ ಪೀಪಾಯಿಗಳನ್ನೂ ವಾಪಸು ಕೊಳ್ಳುತ್ತಾರಂತೆ. ಸೀದುಹೋದ ಸಾಸೇಜಿನ ಮುಂದೆ ಕೂತಿದ್ದ ಕಾನ್‌ಗೆ ಸ್ವರ್ಗದ ಬಾಗಿಲು ತೆರೆದಂತಾಯಿತು.

“ಅಂದ್ರೆ ಮೂಸೋ ಗೋಳೇ ಇಲ್ಲ! ತಗೊಂಡ್ಹೋಗಿ ಸ್ವಾಮಿ, ಎಲ್ಲಾ ತಗೊಂಡ್ಹೋಗಿ.”

ಪೀಪಾಯಿಗಳು ಹೋದರೆ ನಮ್ಮ ಗುರುವಾರವೂ ಹೋಯಿತು. ನಾನು ಅತ್ತೆಯ ಮುಖ ನೋಡಿದೆ. ಅವಳು ಏಜೆಂಟ ತಂದಿದ್ದ ಹೊಸ ಬಾಟಲಿಯ ಬಿರಡೆ ತೆಗೆದು, ಎರಡು ಹನಿ ಕೈಗೆ ಹಾಕಿಕೊಂಡು ಮೂಸಿದಳು.

“ಒಳ್ಳೇ ಮಾಲು, ಮಿಸಸ್ ಹೆಗಾರ್ಟಿ,” ಎಂದ ಏಜೆಂಟ.

“ಒಳ್ಳೇದೇ. ಹಗುರವಾಗಿದೆ. ಮದುವೆಗೆ ಚೆನ್ನಾಗಿರುತ್ತೆ.” ಆಮೇಲೆ ಗಂಡನ ಕಡೆ ತಿರುಗಿದಳು. “ಕಾನ್, ನಿಮ್ಮಪ್ಪ ಸತ್ತಾಗ ಜನ ಏನು ಕುಡಿದ್ರು?”

“ಏನು ಕೇಳ್ತೀಯ, ಹುಡುಗಿ? ನಮ್ಮದೇ.” ಕಾರ್ಕ್ ಸೀಮೆಯ ಗಂಡಸಿಗೆ ಮೊಮ್ಮಕ್ಕಳನ್ನು ಕಂಡ ಹೆಂಡತಿಯೂ ಹುಡುಗಿಯೇ.

“ಹೆಣದ ಸುತ್ತ ಎಷ್ಟು ಹೊತ್ತು ಕೂತಿದ್ರು?”

“ಎರಡು ರಾತ್ರಿ! ಮಣ್ಣು ಮಾಡೋಕೆ ಹೊರಟಾಗ್ಲೂ ಕೆಲವರು ಎದ್ದಿರ್ಲಿಲ್ಲ. ಈಗ್ಲೂ ಆಡ್ಕೋತಾರೆ.”

“ನಿನ್ನ ಸರದಿಗೆ ಈ ಬಾಟಲಿ ಇಡ್ತೀನಿ ಬಿಡು. ಜಪಮಾಲೆ ಮುಗಿಯೋ ಮುಂಚೆ ಎಲ್ರೂ ಕೋಟು ಹಾಕ್ಕೊಂಡು ಮನೇಗ್ ಹೋಗಿರ್ತಾರೆ. ನನಗೂ ಕೆಲಸ ಕಡಿಮೆ.”

ಕಾನ್ ಬಾಟಲಿಯನ್ನು ಎತ್ತಿ ನೋಡಿ ಕೆಳಗಿಟ್ಟ. ತನ್ನ ಶವದ ಸುತ್ತಲಿನ ಖಾಲಿ ಕುರ್ಚಿಗಳು ಅವನ ಕಣ್ಣಿಗೆ ಕಟ್ಟಿರಬೇಕು.

“ಸ್ವಲ್ಪ ಇಟ್ಕೊಳ್ಳೋಣ,” ಎಂದ ಮೆಲ್ಲಗೆ. “ಬಾನೀಲಿರೋದು, ಮತ್ತೆ ಅದರ ಜೊತೆಗೆ ಎರಡು ಪೀಪಾಯಿ. ನನಗೆ ಅಂತ.”

“ಇಟ್ಕೋಬಹುದು. ಆದ್ರೆ ತಿಂಗಳು ತಿಂಗಳೂ ನೋಡ್ಕೋಬೇಕು.”

“ಯಾಕೆ? ವಿಸ್ಕಿ ಕೆಡುತ್ತಾ?”

“ನಮ್ಮನೇಲಿ ಯಾವತ್ತಾದ್ರೂ ಕೆಟ್ಟಿದ್ಯಾ?”

“ಇಲ್ಲ.”

“ಯಾಕೆ ಅಂದ್ಕೊಂಡಿದೀಯ?”

ಏಜೆಂಟ ಕೆಮ್ಮಿದ. ವಿಸ್ಕಿ ಕೆಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಮನೆಯಲ್ಲಿ ಹೆಂಡತಿಯೂ ಇದ್ದಿರಬೇಕು. ಟೋಪಿ ಎತ್ತಿಕೊಂಡ.

ಹೀಗೆ ಕಾನ್‌ನ ಇನ್ನೂ ಬಾರದ ಸಾವು ನಮ್ಮ ಗುರುವಾರವನ್ನು ಉಳಿಸಿತು. ಅವನೂ ಪುಣ್ಯಾತ್ಮ, ಅವಸರ ಮಾಡಲಿಲ್ಲ. ಆ ವರ್ಷಗಳಲ್ಲಿ ಅತ್ತೆ ಬಾನಿಗೆ ಒಮ್ಮೆ ಒಂದು ಲೋಟ ಹಂಡೆಯದನ್ನು ಸೇರಿಸಿ, ಒಮ್ಮೆ ಸುಮ್ಮನೆ ಮೂಸಿ, ಆಮೇಲೆ ಶೂ ಬಿಚ್ಚುತ್ತಿದ್ದಳು. ನಾನೂ ಕೂತು ಓದುವುದನ್ನು ಕಲಿತೆ, ನಿದ್ದೆ ಮಾಡುವುದನ್ನು ಕಲಿತೆ, ಕೊನೆಗೆ ಏನೂ ಮಾಡದಿರುವುದನ್ನೂ ಕಲಿತೆ. ಡೊನಾಲ್‌ನ ಆಲೂಗಡ್ಡೆ ಬೇಯತೊಡಗಿತು. ಗುರುವಾರದ ಅಡುಗೆಯೇ ಚೆಂದ ಎಂದು ಮಕ್ಕಳು ಹೇಳುವಷ್ಟಾಯಿತು.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಕಾನ್ ಚಹಾ ಕುಡಿಯುತ್ತ ಹೇಳಿದ:

“ನಂಗೆ ಗೊತ್ತಿತ್ತು ಕಣೇ ಈಲೀಶ್. ನಮ್ಮ ಮದುವೆ ಆದ ವರ್ಷಾನೇ ಗೊತ್ತಾಯ್ತು. ನಿಮ್ಮತ್ತೆ ಗೊರಕೆ ಅಂಗಡಿವರೆಗೂ ಕೇಳ್ತಿತ್ತು.”

“ಗೊತ್ತಿದ್ದೂ ಸುಮ್ನಿದ್ರಾ?”

“ಮತ್ತೆ? ಪಾಪ, ದಣಿದಿರ್ತಿದ್ಲು.”

“ಹಾಗಾದ್ರೆ ಮಿಕ್ಕ ದಿನ?”

ಅವನು ಬಟ್ಟಲಿನೊಳಗೆ ನೋಡುತ್ತ ಕೂತ. ಅಷ್ಟು ವರ್ಷ ಗುಟ್ಟು ಬಿಡದೆ ಸುಮ್ಮನಿದ್ದದ್ದಕ್ಕೆ ಅವನಿಗೂ ಒಂದು ಕೃತಜ್ಞತೆ ಸಲ್ಲಬೇಕು, ಸಲ್ಲಿಸಿದ್ದೇನೆ. ಒಂದೇ ಒಂದು.

ಅವನ ಸಾವಿನ ಮನೆಯಲ್ಲಿ ಕುರ್ಚಿಗಳು ಸಾಲಲಿಲ್ಲ, ಪಕ್ಕದ ಶಾಲೆಯಿಂದ ಬೆಂಚು ತಂದೆವು. ಜನ ಮೊದಲ ಗುಟುಕಿಗೇ ಮಾತು ನಿಲ್ಲಿಸಿ ಲೋಟ ನೋಡಿದರು. ಅಂಚೆಯ ಮುದುಕನೊಬ್ಬ ಕಣ್ಣೊರೆಸಿಕೊಂಡು, “ನಿನ್ನ ಗಂಡ ಎಂಥಾ ವಿಸ್ಕಿ ಮಾಡ್ತಿದ್ದ, ಡೆಲಿಯಾ!” ಎಂದ.

“ಹೌದು,” ಎಂದು ಅವನ ಲೋಟ ತುಂಬಿಸಿದಳು ಅತ್ತೆ. “ಲೇಬಲ್ಲು ಅವನದೇ.”

ಮಣ್ಣು ಮಾಡಿ ಬಂದಾಗ ಪೀಪಾಯಿಗಳು ಬರಿದಾಗಿದ್ದವು, ಬಾನಿಯ ತಳವೂ ಒಣಗಿತ್ತು.

ಮುಂದಿನ ತಿಂಗಳು, ಮಡಿಯ ಬುಧವಾರ ಸಂಜೆ ಡೊನಾಲ್ ಅಡುಗೆಮನೆಯ ಬಾಗಿಲಲ್ಲಿ ನಿಂತ. “ನಾಳೆ ಗುರುವಾರ,” ಎಂದ. ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ನನ್ನ ಕೈ ಈರುಳ್ಳಿಯ ಬುಟ್ಟಿಯ ಮೇಲಿತ್ತು. ಎತ್ತಿಕೊಳ್ಳಬೇಕೋ ಬಿಡಬೇಕೋ ತೋಚಲಿಲ್ಲ. ಎತ್ತಿಕೊಂಡರೆ ಎಲ್ಲ ಮುಗಿಯಿತು.

ಅತ್ತೆ ಕಪ್ಪು ಕೋಟಿನ ಜೇಬಿನಿಂದ ಪೀಪಾಯಿ ಕೋಣೆಯ ಬೀಗದ ಕೈ ತೆಗೆದು ನನ್ನ ಏಪ್ರನ್ನಿನ ಜೇಬಿಗೆ ಹಾಕಿದಳು. ಆಮೇಲೆ ಆ ಏಪ್ರನ್ನನ್ನೇ ಬಿಚ್ಚಿ, ಬೀಗದ ಕೈ ನನ್ನ ಅಂಗೈಗಿಟ್ಟು, ಏಪ್ರನ್ನು ಮಗನಿಗೆ ಕೊಟ್ಟಳು.

“ಖಾಲಿ ಬಾನಿ ಒಣಗಿದ್ರೆ ಹಲಗೆ ಬಿರಿಯುತ್ತೆ,” ಎಂದಳು. “ನೋಡ್ಕೋಬೇಕು.”

ಡೊನಾಲ್ ತಾಯಿಯನ್ನೂ ನನ್ನನ್ನೂ ನೋಡಿದ. ಏಪ್ರನ್ನು ಕಟ್ಟಿಕೊಂಡು ಈರುಳ್ಳಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡ.

ಅತ್ತೆ ಈಗಿಲ್ಲ. ಅವಳ ಸಾವಿಗೆ ಬಂದವರಿಗೆ ಚಹಾ ಕೊಟ್ಟೆವು, ಅವಳ ಆಣೆಗೆ ಮರ್ಯಾದೆಯಾಗಿ. ಬಾನಿ ಇನ್ನೂ ಇದೆ. ತಿಂಗಳಿಗೊಮ್ಮೆ ಅದಕ್ಕೆ ನೀರು ಚಿಮುಕಿಸಿ, ಒಳಕ್ಕೆ ಮುಖ ಹಾಕಿ ಮೂಸುತ್ತೇನೆ. ಬಾರ್ಲಿ, ಲವಂಗ, ಎಲ್ಲೋ ದೂರದಲ್ಲಿ ತಾಮ್ರ. ಆಮೇಲೆ ಚಿಲಕ ಹಾಕಿ, ಅವಳ ಕುರ್ಚಿಯಲ್ಲಿ ಕೂರುತ್ತೇನೆ. ಎದುರಿನ ಪೆಟ್ಟಿಗೆಯ ಮೇಲೆ ನನ್ನ ಸೊಸೆ ಕೂತಿರುತ್ತಾಳೆ, ಮಡಿಲಲ್ಲಿ ಕೈಗಳನ್ನು ಹಿಸುಕಿಕೊಳ್ಳುತ್ತ. ಪಾಪ, ಅವಳಿಗಿನ್ನೂ ಕಷ್ಟವಾಗುತ್ತಿದೆ.